ತೊಂಬತ್ತು ಡಿಗ್ರಿಯ ಕೋಣೆ

ಬೆಳಗ್ಗೆ ಎಂಟು ಇಪ್ಪತ್ತಕ್ಕೆ ಟೈಲ್ಸಣ್ಣ ಹೊಸ ಮನೆಯ ಮಲಗುವ ಕೋಣೆಯನ್ನು ಅಳೆದ. ಕೋಣೆ ವಕ್ರವಾಗಿತ್ತು.

ಮೂಲೆಯಿಂದ ಬಾಗಿಲ ಗೋಡೆಯ ಮೇಲೆ ಆರು ಅಡಿಗೆ ಒಂದು ಗುರುತು, ಎಡಗೋಡೆಯ ಮೇಲೆ ಎಂಟು ಅಡಿಗೆ ಇನ್ನೊಂದು. ಎರಡರ ನಡುವೆ ಟೇಪು ಹಿಡಿದರೆ ಸರಿಯಾಗಿ ಹತ್ತು ಅಡಿ ಬರಬೇಕು. ಬಂದರೆ ಗೋಡೆಗೆ ಗೋಡೆ ಲಂಬ, ಮೂಲೆ ತೊಂಬತ್ತು ಡಿಗ್ರಿ. ಬಂದದ್ದು ಹತ್ತು ಅಡಿಯ ಮೇಲೆ ಮುಕ್ಕಾಲು ಇಂಚು. ಟೇಪು ಒದರಿ ಮತ್ತೆ ಹಿಡಿದ. ಮುಕ್ಕಾಲು ಇಂಚು ಕರೆಯದೆ ಬಂದ ನೆಂಟನಂತೆ ಅಲ್ಲೇ ಕೂತಿತ್ತು. ಕೋಣೆ ಬಾಗಿಲ ಬಳಿ ಹತ್ತು ಅಡಿ ಅಗಲ, ಹಿಂಗೋಡೆಯ ಬಳಿ ಹತ್ತು ಅಡಿ ಎರಡು ಇಂಚು.

ಟೈಲ್ಸಣ್ಣ ಹನ್ನೊಂದು ವರ್ಷದಿಂದ ದಿನಗೂಲಿಯವನು. ಈ ಒಂದು ಕೋಣೆ ಕಂಟ್ರಾಕ್ಟರಿಗೆ ಒಪ್ಪಿಗೆಯಾದರೆ ಸೋಮವಾರದಿಂದ ಮೇಸ್ತ್ರಿ. ಭಾವಮೈದುನ ಆಗಲೇ ಬೀದಿಯ ತುಂಬ ಸುದ್ದಿ ಹಂಚಿಬಿಟ್ಟಿದ್ದ. ಕಂಟ್ರಾಕ್ಟರಿಗೆ ಕೆಲಸಗಾರರು ಇಟ್ಟ ಹೆಸರು 'ತೊಂಬತ್ತು'. ಅವರ ಕಂಕುಳಲ್ಲಿ ಸದಾ ಮೂಲೆ ತೊಂಬತ್ತು ಡಿಗ್ರಿ ಇದೆಯೇ ಎಂದು ನೋಡುವ ಕಬ್ಬಿಣದ ಮೂಲೆಮಟ್ಟ. ನೆಂಟರ ಮನೆಯ ಊಟದ ಮೇಜಿಗೂ ಅದನ್ನು ಹಿಡಿದು ನೋಡಿದ್ದರಂತೆ. ಗೋಡೆ ವಕ್ರವಿದೆ ಎಂದು ಅವರಿಗೆ ಫೋನು ಮಾಡಿದ್ದರೆ ಮುಗಿಯುತ್ತಿತ್ತು. ಆದರೆ ಆ ಗೋಡೆ ಕಟ್ಟಿಸಿದವರೂ ಅವರೇ. ತೊಂಬತ್ತಿನ ಗೋಡೆ ತೊಂಬತ್ತಿಲ್ಲ ಎಂದು ಹೇಳುವ ಎದೆ ಟೈಲ್ಸಣ್ಣನಿಗೆ ಇರಲಿಲ್ಲ.

ಅವನ ಮುಖ ನೋಡಿ ಪ್ಲಂಬರ್ ಬಂದ, ಅವನ ಹಿಂದೆ ಬಣ್ಣದವನು. ನೆಲವನ್ನು ಮೂಲೆಗೆ ಇಳಿಜಾರು ಮಾಡು, ನೀರಿಗೆ ದಾರಿಯಾಗುತ್ತದೆ ಎಂದು ಪ್ಲಂಬರ್ ಸಲಹೆ ಕೊಟ್ಟ. ಅದು ಮಲಗುವ ಕೋಣೆ ಎಂಬುದು ಅವನಿಗೆ ಲೆಕ್ಕಕ್ಕಿರಲಿಲ್ಲ. ಎಡಗೋಡೆಯನ್ನೇ ಹಿಡಿದು ಕೂರಿಸುತ್ತ ಹೋಗು ಎಂದ ಬಣ್ಣದವನು.

ಟೈಲ್ಸಣ್ಣ ಹಾಗೇ ಎಂಟು ಟೈಲ್ಸ್ ಕೂರಿಸಿ, ಬಾಗಿಲಲ್ಲಿ ನಿಂತು ನೋಡಿದ. ಸಂದುಗಳು ಓರೆ ಬೈತಲೆಯಂತೆ ಸಾಗಿದ್ದವು.

"ಚೆನ್ನಾಗೇ ಇದೆಯಲ್ಲ. ಸ್ವಲ್ಪ ತಲೆ ವಾಲಿಸಿ ನೋಡು," ಎಂದ ಬಣ್ಣದವನು.

ಎಂಟನ್ನೂ ಕೀಳುವಾಗ ಎರಡು ಒಡೆದವು. ಗಂಟೆ ಹನ್ನೊಂದಾಯಿತು. ಟೈಲ್ಸಣ್ಣನ ಅಂಗಿ ಬೆನ್ನಿಗೆ ಅಂಟಿಕೊಂಡಿತು. ಆಗ ಬಂದವನು ಗಾರೆಯವನು, ಹಳೆಯ ಗೆಳೆಯ. ಒಂದು ಕಣ್ಣು ಮುಚ್ಚಿ ಗೋಡೆಯುದ್ದಕ್ಕೂ ನೋಡಿದ.

"ಟೈಲ್ಸ್‌ನ ಯಾಕಣ್ಣ ಬಗ್ಗಿಸ್ತೀಯ? ಗೋಡೆಗೇ ಬುದ್ಧಿ ಹೇಳೋಣ."

ಬುದ್ಧಿ ಹೇಳಿದ ಕ್ರಮ ಹೀಗೆ: ಟೈಲ್ಸಣ್ಣ ನೇರ ಬಲಗೋಡೆ ಹಿಡಿದು ಟೈಲ್ಸ್ ಹಾಕಿದ, ಎಡಗಡೆ ಉಳಿದ ಸಂದನ್ನು ಗಾರೆಯವನು ಗೋಡೆಯನ್ನೇ ದಪ್ಪ ಮಾಡಿ ನುಂಗಿಸಿದ. ಬಾಗಿಲ ಬಳಿ ಬರೀ ಸವರು, ಹಿಂಗೋಡೆಯ ಬಳಿ ಇಟ್ಟಿಗೆ ಚೂರು ಸೇರಿಸಿ ಎರಡು ಇಂಚು ಗಾರೆ. ನೆಲದಿಂದ ಸೂರಿನವರೆಗೆ. ಮಧ್ಯಾಹ್ನ ಇಬ್ಬರೂ ಊಟ ಬಿಟ್ಟರು.

ಐದು ಗಂಟೆಗೆ ತೊಂಬತ್ತು ಬಂದರು. ಮೊದಲ ಮೂಲೆಗೆ ಮೂಲೆಮಟ್ಟ ಹಿಡಿದರು. ಎರಡನೆಯದಕ್ಕೆ ಹಿಡಿದರು. ಮೂರು. ನಾಲ್ಕನೆಯದರಲ್ಲಿ ಅವರ ಕೈ ಎಡಗೋಡೆಗೆ ತಗುಲಿತು.

"ಗೋಡೆ ಯಾಕೆ ಒದ್ದೆ?"

ಬಾಗಿಲಲ್ಲಿ ನಿಂತಿದ್ದ ಪ್ಲಂಬರ್ ಮುಂದೆ ಬಂದ.

"ಪೈಪು ಟೆಸ್ಟ್ ಮಾಡಿದ್ವಿ ಸಾರ್. ಸ್ವಲ್ಪ ಚಿಮ್ತು."

ತೊಂಬತ್ತು ತಲೆಯಾಡಿಸಿದರು. ಇಂಥ ಮೂಲೆ ಈ ಮನೆಯಲ್ಲಿ ಬೇರೆಲ್ಲೂ ಇಲ್ಲ ಎಂದರು. "ಸೋಮವಾರ ಬಂದು ಮೇಸ್ತ್ರಿ ಕೆಲಸ ವಹಿಸ್ಕೋ."

ಟೈಲ್ಸಣ್ಣ ಹೆಂಡತಿಗೆ ಫೋನು ಮಾಡಿದ. ಅತ್ತ ಅವಳು "ಹಲೋ" ಎನ್ನುವಷ್ಟರಲ್ಲಿ ಇತ್ತ ಮನೆಯೊಡತಿ ಒಳಗೆ ಬಂದರು. ಅವರು ಕಂಟ್ರಾಕ್ಟರನ್ನು ಕೇಳದೆ ಬೇರೆ ಬಡಗಿಯಿಂದ ಹಿಂಗೋಡೆಗೆ ಗೋಡೆಯಿಂದ ಗೋಡೆಗೆ ಕೂರುವ ಕಪಾಟು ಮಾಡಿಸಿದ್ದರು. ಬಡಗಿಯೂ ಮೂವರು ಆಳುಗಳೂ ಅದರ ತಳದ ಚೌಕಟ್ಟನ್ನು ಉದ್ದಕ್ಕೆ ಒಳಗೆ ತಂದು ಅಡ್ಡಕ್ಕೆ ತಿರುಗಿಸಿದರು. ಅರ್ಧ ತಿರುಗಿ ನಿಂತಿತು. ತಳ್ಳಿದರು. ಎರಡು ಇಂಚು ಹೆಚ್ಚು.

"ಮೂರು ಸಲ ಅಳೆದಿದ್ದೀನಮ್ಮ," ಎಂದ ಬಡಗಿ. "ಗೋಡೆ ವಕ್ರ ಅಂತ ಎಡಗಡೆ ಹಲಗೆನೂ ಅದೇ ವಕ್ರಕ್ಕೆ ಕೊಯ್ದಿದ್ದೀನಿ. ಹದಿನೈದು ದಿನದ ಕೆಲಸ."

"ಮತ್ತೆ ಗೋಡೆ ಏನು ದಪ್ಪ ಆಗುತ್ತಾ?" ಎಂದರು ಮನೆಯೊಡತಿ.

ತೊಂಬತ್ತು ಮೂಲೆಮಟ್ಟದ ತುದಿಯನ್ನು ಎಡಗೋಡೆಗೆ ಒತ್ತಿದರು. ಅದು ಬೆಣ್ಣೆಗೆ ಚಾಕು ಹೊಕ್ಕಂತೆ ಎರಡು ಇಂಚು ಒಳಗೆ ಹೋಗಿ ನಿಂತಿತು. ಫೋನಿನಲ್ಲಿ ಹೆಂಡತಿ ಇನ್ನೂ ಹಲೋ ಎನ್ನುತ್ತಿದ್ದಳು.

"ಮೊದಲು ಎಷ್ಟು ವಕ್ರ ಇತ್ತೋ ಅಷ್ಟೇ ವಕ್ರ ಮಾಡಿ ಕೊಡು," ಎಂದರು ತೊಂಬತ್ತು. "ನಾನೇ ಬಂದು ಅಳೀತೀನಿ."

ಮರುದಿನ ಏಳು ಗಂಟೆಯಿಂದ ಟೈಲ್ಸಣ್ಣ ಮತ್ತು ಗಾರೆಯವನು ಗೋಡೆ ಕೆತ್ತಿದರು. ಮಧ್ಯಾಹ್ನ ಕಪಾಟು ಸರಿಯಾಗಿ ಕೂತಿತು. ಅದರ ಮುಂದೆ ಉಳಿದ ಓರೆ ಸಂದಿಗೆ ಟೈಲ್ಸಣ್ಣ ಐದು ತೆಳು ಪಟ್ಟಿಗಳನ್ನು ಕೊಯ್ದು ಅಂಟಿಸಿದ. ಅದಕ್ಕೆ ನಲವತ್ತೇ ನಿಮಿಷ ಹಿಡಿಯಿತು. ಸೋಮವಾರ ಅವನು ದಿನಗೂಲಿಯ ಸಾಲಿನಲ್ಲಿ ನಿಂತ.