ಮೂರು ಕೊಟೇಶನ್ನು, ಒಂದು ಹಳೆ ಟ್ರ್ಯಾಕ್ಟರು

ತಪ್ಪೊಪ್ಪಿಗೆಯಿಂದಲೇ ಶುರು ಮಾಡಿಬಿಡುತ್ತೇನೆ. ಮೂವತ್ತೊಂದು ವರ್ಷ ನಾನು ಸರ್ಕಾರಕ್ಕಾಗಿ ಸಾಮಾನು ಖರೀದಿ ಮಾಡಿದ್ದೇನೆ. ನನಗಾಗಿ ಒಂದು ಬದನೆಕಾಯಿ ಆರಿಸಲು ಇವತ್ತಿಗೂ ಬರುವುದಿಲ್ಲ. ದೆಹಲಿಯ ಒಂದು ಸಚಿವಾಲಯದ ಖರೀದಿ ವಿಭಾಗದಲ್ಲಿ ಕೂತು ಕುರ್ಚಿ, ಕೂಲರು, ಕಿಟಕಿ ಪರದೆ, ಸ್ಟೇಪ್ಲರು ಎಲ್ಲ ತರಿಸಿದ್ದೇನೆ. ಒಮ್ಮೆ ಕೋತಿ ಓಡಿಸುವ ಕೋಲುಗಳನ್ನೂ ತರಿಸಿದ್ದೇನೆ. ಆದರೆ ನಾನು ತರಿಸಿದ ಯಾವ ಕುರ್ಚಿಯ ಮೇಲೂ ಒಂದು ಸಲ ಕೂತು ನೋಡಿದವಳಲ್ಲ. ಕುರ್ಚಿ ನೋಡುವುದು ನಮ್ಮ ಕೆಲಸವಾಗಿರಲಿಲ್ಲ, ಕುರ್ಚಿಯ ಕಾಗದ ನೋಡುವುದು ನಮ್ಮ ಕೆಲಸ. ಮೂರು ಕೊಟೇಶನ್ ಬಂದಿವೆಯೇ, ಮೂರನ್ನೂ ಹೋಲಿಸಿ ಪಟ್ಟಿ ಮಾಡಿದೆಯೇ, ಕೊನೆಯ ಕಾಲಮ್ಮಿನಲ್ಲಿ ಷರಾ ಬರೆದಿದೆಯೇ, ಅಲ್ಲಿಗೆ ಮುಗಿಯಿತು. ಮಯೂರ್ ವಿಹಾರದ ನಮ್ಮ ಸೊಸೈಟಿಯ ಗೇಟಿಗೆ ತರಕಾರಿ ಗಾಡಿ ಬಂದರೆ ನಮ್ಮವರು ನನಗಿಂತ ಮುಂಚೆ ಚೀಲ ಹಿಡಿದು ಮೆಟ್ಟಿಲು ಇಳಿಯುತ್ತಾರೆ. "ನೀನು ಹೋಗ್ಬೇಡ ಮಾರಾಯ್ತಿ. ಭಯ್ಯಾನ ಹತ್ರ ಅರ್ಧ ಗಂಟೆ ವಿಚಾರಣೆ ಮಾಡಿ, ಕೊನೆಗೆ ಹುಳುಕು ಬದನೆಕಾಯೇ ತರ್ತೀಯ" ಎನ್ನುತ್ತಾರೆ. ಇಂಥ ನನ್ನನ್ನು ಒಬ್ಬರು ಟ್ರ್ಯಾಕ್ಟರ್ ಆರಿಸಲು ಕರೆದರು. ನಾನು ಹೋದೆ. ಹೊಗಳಿದರೆ ಉಬ್ಬುವ ಜಾತಿ ನನ್ನದು.

ಕರೆದವಳು ಸಂತೋಷ. ಹರಿಯಾಣದಲ್ಲಿ ಅದು ಹೆಣ್ಣುಮಕ್ಕಳ ಹೆಸರೂ ಹೌದು. "ಸಂತೋಷ್ ಜೊತೆ ಎರಡು ದಿನ ಹಳ್ಳಿಗೆ ಹೋಗ್ತಿದ್ದೀನಿ" ಎಂದು ಅರಸೀಕೆರೆಯ ನಮ್ಮ ಅತ್ತಿಗೆಗೆ ಫೋನಿನಲ್ಲಿ ಹೇಳಿ, ಆಮೇಲೆ ಒಂದು ಗಂಟೆ ವಿವರಣೆ ಕೊಟ್ಟದ್ದನ್ನು ಇಲ್ಲಿ ಬರೆಯುವುದಿಲ್ಲ. ಸಂತೋಷ ನಮ್ಮ ಕಚೇರಿಯ ಟಪಾಲು ವಿಭಾಗದಲ್ಲಿದ್ದಳು. ಗಂಡ ತೀರಿಹೋದ ಮೇಲೆ ಅವನ ಕೆಲಸ ಅವಳಿಗೆ ಸಿಕ್ಕಿತ್ತು. ಇಪ್ಪತ್ತು ವರ್ಷ ಮಧ್ಯಾಹ್ನದ ಊಟ ಒಟ್ಟಿಗೇ ಮಾಡಿದ್ದೇವೆ. ಅವಳ ಬಾಜ್ರಾ ರೊಟ್ಟಿ ನನಗೆ, ನನ್ನ ಚಿತ್ರಾನ್ನ ಅವಳಿಗೆ. ಬಹದ್ದೂರ್‌ಗಢ ದಾಟಿ ಒಂದು ಹಳ್ಳಿಯಲ್ಲಿ ಅವಳ ಗಂಡನ ಪಾಲಿನ ಹೊಲವಿದೆ. ಇಷ್ಟು ವರ್ಷವೂ ಅದನ್ನು ಮಾಡುತ್ತಿದ್ದವನು ಮೈದುನ ರಾಜಬೀರ. ನಿವೃತ್ತಿಯಾದ ಮೇಲೆ ಸಂತೋಷ, "ಇನ್ನು ನನ್ನ ಹೊಲ ನಾನೇ ಮಾಡ್ತೀನಿ" ಎಂದಳು. ರಾಜಬೀರ ಜಗಳವಾಡಲಿಲ್ಲ, ನಕ್ಕ. ಊರಿನ ಹಿರಿಯರು ಹುಕ್ಕಾ ಸುತ್ತ ಕೂತಿದ್ದಾಗ ಒಂದು ಷರತ್ತು ಹಾಕಿದ: "ಭಾಭಿ, ಹೊಲ ಮಾಡೋದು ಅಂದ್ರೆ ಲಕೋಟೆಗೆ ಅಂಟು ಹಚ್ಚಿದ ಹಾಗಲ್ಲ. ಮೊದಲು ಒಂದು ಟ್ರ್ಯಾಕ್ಟರ್ ಸರಿಯಾಗಿ ಆರಿಸ್ಕೊಂಡು ಬಾ. ಬಣ್ಣಕ್ಕೆ ಮರುಳಾಗಿ ಗುಜರಿ ತಂದ್ರೆ, ಹೊಲ ಮೊದಲಿನ ಹಾಗೆ ನಾನೇ ಮಾಡ್ತೀನಿ." ಹಿರಿಯರು ಹೊಗೆಯ ನಡುವೆ ತಲೆಯಾಡಿಸಿದರಂತೆ. ಆಗ ಸಂತೋಷ ಹೇಳಿದ್ದು ಒಂದೇ ಮಾತು: "ಆರಿಸೋದು ನಾನಲ್ಲ. ದಿಲ್ಲಿಯಿಂದ ನಮ್ಮ ಖರೀದಿ ಮೇಡಂ ಬರ್ತಾರೆ."

ಹೀಗೆ ಅವಳ ಹೊಲ ನನ್ನ ತಲೆಯ ಮೇಲೆ ಬಂತು. ಗೊಬ್ಬರ ಸಾಗಿಸಲು, ಮೇವು ತರಲು, ನೀರಿನ ಟ್ಯಾಂಕರ್ ಎಳೆಯಲು, ಗೋಧಿ ಬಿತ್ತನೆಗೆ ಮುಂಚೆ ನೆಲ ಹಸನು ಮಾಡಲು ಹಳೆಯದೊಂದು ಸಾಕು ಎಂದಳು. ಹೊಸದಾದರೆ ಅಂಗಡಿಯವನು ಹೇಳಿದ್ದನ್ನು ನಂಬಿ ತರಬಹುದು. ಹಳೆಯದನ್ನು ಆರಿಸುವುದು ಹೇಗೆ? ನಾನು ಹದಿನೈದು ದಿನ ವಿಡಿಯೋ ನೋಡಿದೆ. ನೋಡುತ್ತಾ ನೋಡುತ್ತಾ, ನಿಜ ಹೇಳುತ್ತೇನೆ, ನನಗೆ ಹುಚ್ಚೇ ಹಿಡಿಯಿತು. ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಕುಡಿಯುತ್ತಿದೆಯಂತೆ. ನೇಗಿಲನ್ನು ಮೇಲಕ್ಕೆತ್ತಿ ಎಂಜಿನ್ ನಿಲ್ಲಿಸಬೇಕಂತೆ. ನೇಗಿಲು ಮೆಲ್ಲಗೆ ಕೆಳಗೆ ಜಾರಿದರೆ ಎತ್ತುವ ಭಾಗ ಸೋತಿದೆ ಎಂದರ್ಥವಂತೆ. ಎಲ್ಲಕ್ಕಿಂತ ಮುಖ್ಯವಾಗಿ, ತಣ್ಣಗಿರುವ ಎಂಜಿನ್ನನ್ನೇ ಚಾಲೂ ಮಾಡಿ ನೋಡಬೇಕಂತೆ, ಬಿಸಿ ಮಾಡಿಟ್ಟ ಎಂಜಿನ್ ಎಲ್ಲರ ಮುಂದೆಯೂ ಒಳ್ಳೆಯದಾಗಿಯೇ ಇರುತ್ತದಂತೆ. ಇದನ್ನೆಲ್ಲ ಊಟದ ಹೊತ್ತಿಗೆ ನಮ್ಮವರಿಗೆ ಬೋಧಿಸಿದೆ. "ರೀ, ನಿಮಗೆ ಗೊತ್ತಾ, ಕ್ಲಚ್ ಪೆಡಲ್ ನೋಡಿದರೇನೆ ಅರ್ಧ ಜಾತಕ ಗೊತ್ತಾಗುತ್ತೆ" ಎಂದರೆ ಅವರು, "ಸಾರಿಗೆ ಉಪ್ಪು ಹಾಕಿದ್ದೀಯೋ ಇಲ್ವೋ ಅದನ್ನು ಮೊದಲು ನೋಡು" ಎಂದರು. ಹಾಕಿರಲಿಲ್ಲ.

ಮುಂದಿನದನ್ನು ಹೇಳುವ ಮುಂಚೆ ನನ್ನ ಎರಡು ದೌರ್ಬಲ್ಯಗಳನ್ನು ತಿಳಿಸಿಬಿಡಬೇಕು. ಒಂದು, ಡಬ್ಬಿ. ನನ್ನ ಮದುವೆಗೆ ಸೋದರತ್ತೆ ಕೊಟ್ಟ ಒಂದು ಸ್ಟೀಲ್ ಡಬ್ಬಿ ಇದೆ. ಮುಚ್ಚಳದ ಮೇಲೆ ಪಾತ್ರೆ ಅಂಗಡಿಯವನು ಚುಕ್ಕಿ ಚುಕ್ಕಿಯಾಗಿ ಕೊರೆದ "ಚಿ.ಸೌ. ಸರೋಜ" ಎಂಬ ಅಕ್ಷರಗಳು. ಆ ಡಬ್ಬಿಯಲ್ಲಿ ಯಾರಿಗಾದರೂ ತಿಂಡಿ ಕೊಟ್ಟರೆ ಅದು ವಾಪಸ್ ಬರುವವರೆಗೆ ನನಗೆ ನಿದ್ದೆ ಬಾರದು. ಎರಡನೆಯದು, ಯಾರಾದರೂ ನನ್ನನ್ನು ಮದ್ರಾಸಿ ಎಂದರೆ ನನಗೆ ಮೈ ಉರಿಯುತ್ತದೆ. ಕಚೇರಿಯಲ್ಲಿ ಊಟದ ಮೇಜಿನ ಮೇಲೆ ಈ ಡಬ್ಬಿ ನೋಡಿ ಯಾರಾದರೂ, "ಇದು ತಮಿಳಾ? ಎಲ್ಲ ಒಂದೇ ಅಲ್ವಾ?" ಎಂದರೆ ಮುಗಿಯಿತು. ಕರ್ನಾಟಕ ಎಲ್ಲಿದೆ, ಕನ್ನಡದ ಲಿಪಿ ಯಾವುದು, ತಮಿಳಿನದು ಯಾವುದು ಎಂದು ಅವರ ಅನ್ನ ಆರುವವರೆಗೆ ಪಾಠ ಮಾಡುತ್ತಿದ್ದೆ. ಇಪ್ಪತ್ತು ವರ್ಷ ಕೇಳಿ ಕೇಳಿ ಸಂತೋಷಳಿಗೆ ಅದು ಬಾಯಿಪಾಠವಾಗಿತ್ತು. ನಾನು ಬಾಯಿ ತೆರೆಯುವ ಮುಂಚೆ ಅವಳೇ, "ಕನ್ನಡ ಹೈ, ಕರ್ನಾಟಕ, ಮದ್ರಾಸಿ ನಹೀಂ" ಎಂದು ಬಂದವರನ್ನು ಬಚಾವು ಮಾಡುತ್ತಿದ್ದಳು. ಟ್ರ್ಯಾಕ್ಟರ್ ಮಾತು ಬಂದ ದಿನವೇ ನಾನು ಆ ಡಬ್ಬಿ ತುಂಬ ಕೋಡುಬಳೆ ಕೊಟ್ಟು ಕಳಿಸಿದ್ದೆ. ಎರಡು ವಾರವಾದರೂ ಡಬ್ಬಿಯ ಸುಳಿವಿಲ್ಲ. ಕೇಳಿದರೆ, "ಮನೇಲಿದೆ ಸರೋಜಾ ಜೀ, ತೊಳೆದಿಟ್ಟಿದ್ದೀನಿ" ಎನ್ನುತ್ತಿದ್ದಳು.

ಒಂದು ಶನಿವಾರ ಮೆಟ್ರೋ ಹಿಡಿದು ಬಹದ್ದೂರ್‌ಗಢದಲ್ಲಿ ಇಳಿದೆ. ಮೊದಲನೆಯ ಕೊಟೇಶನ್, ರಾಜಬೀರನೇ ಹೇಳಿಕಳಿಸಿದ್ದ ಹೆದ್ದಾರಿ ಬದಿಯ ಒಂದು ಯಾರ್ಡು. ಅಲ್ಲಿದ್ದ ಟ್ರ್ಯಾಕ್ಟರ್ ನೋಡಿ ನನಗೆ ಕಣ್ಣು ತಂಪಾಯಿತು. ಹೊಸ ಕೆಂಪು ಬಣ್ಣ, ಹೊಸ ಸೀಟು, ಮುಂದೆ ಕಪ್ಪು ಕುಚ್ಚು. ಮೀಟರಿನಲ್ಲಿ ಓಡಿದ ಗಂಟೆಗಳು ಎಷ್ಟು ಕಡಿಮೆಯೆಂದರೆ, ಹಿಂದಿನ ಯಜಮಾನ ಅದನ್ನು ಪೂಜೆಗೆ ಇಟ್ಟುಕೊಂಡಿದ್ದನೇನೋ ಅನ್ನಿಸಬೇಕು. "ಮೇಡಂ, ಮದುಮಗಳ ಹಾಗಿದೆ" ಎಂದ ಮಾಲೀಕ. ನಾನು ಪೆನ್ನಿನ ಕ್ಯಾಪ್ ತೆಗೆದು "ಯೋಗ್ಯ" ಎಂದು ಬರೆಯುವುದರಲ್ಲಿದ್ದೆ. ಹತ್ತಿ ನೋಡೋಣ ಎನಿಸಿ ಸೀರೆ ಎತ್ತಿ ಸಿಕ್ಕಿಸಿಕೊಂಡು ಕಾಲಿಟ್ಟೆ. ಅಲ್ಲಿ ಕ್ಲಚ್ ಪೆಡಲ್ ಕಣ್ಣಿಗೆ ಬಿತ್ತು. ಸವೆದು ಸವೆದು ಕನ್ನಡಿಯಾಗಿತ್ತು. ನಮ್ಮ ಕಚೇರಿಯಲ್ಲಿ ಹಾಜರಿ ಪುಸ್ತಕದ ಪ್ರಕಾರ ಎಲ್ಲರೂ ಒಂದೇ ಸಮ. ಆದರೆ ಯಾರು ಎಷ್ಟು ದುಡಿದಿದ್ದಾರೆ ಅನ್ನುವುದು ಟೈಪ್‌ರೈಟರಿನ ಕೀಲಿ ನೋಡಿದರೆ ತಿಳಿಯುತ್ತಿತ್ತು. ಮೀಟರಿಗೂ ಪೆಡಲ್ಲಿಗೂ ತಾಳೆಯಿಲ್ಲ! ಇಳಿದು ಬಾನೆಟ್ ಮುಟ್ಟಿದೆ; ಆಗಷ್ಟೇ ಇಳಿಸಿದ ಕುಕ್ಕರಿನಷ್ಟು ಬಿಸಿ. "ಬೆಳಗ್ಗೆಯಿಂದ ನಿಂತೇ ಇದೆ ಅಂದ್ರಲ್ಲ ಭಯ್ಯಾ, ಇದಕ್ಕೇನು ಜ್ವರವಾ?" ಎಂದೆ. ಅವನು ಬಿಸಿಲನ್ನು ತೋರಿಸಿದ. ಬಿಸಿಲು ಆಚೆ ಬದಿಗಿತ್ತು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ನಾನು ಕನ್ನಡದಲ್ಲೇ ಹೇಳಿ ಹೊರಗೆ ಬಂದೆ. ಸಂತೋಷ ನನ್ನನ್ನೇ ನೋಡಿ, "ಅಚ್ಛಾ! ನಿಮಗೆ ನಿಜವಾಗ್ಲೂ ಗೊತ್ತಾಗುತ್ತೆ!" ಎಂದಳು. ಆ "ನಿಜವಾಗ್ಲೂ" ಏಕೆ ಎಂದು ಆಗ ಯೋಚಿಸಲಿಲ್ಲ.

ಎರಡನೆಯದು ಪಕ್ಕದ ಹಳ್ಳಿಯದು. ಅದರ ಕಾಗದದಲ್ಲಿ ಒಂದು ನಂಬರು, ಮೈಮೇಲೆ ಇನ್ನೊಂದು ನಂಬರು. ಈ ವಿಷಯದಲ್ಲಿ ನನಗೆ ಬ್ರಹ್ಮನೂ ಮೋಸ ಮಾಡಲಾರ. ಮಾಲೀಕ, "ಅದೇನೂ ಆಗಲ್ಲ ಮೇಡಂ, ಮೂರೇ ಅಂಕಿ ವ್ಯತ್ಯಾಸ" ಎಂದ. ಮೂರು ಅಂಕಿಯ ವ್ಯತ್ಯಾಸಕ್ಕೆ ನಾನು ಒಬ್ಬ ನಿರ್ದೇಶಕರ ಫೈಲನ್ನೇ ವಾಪಸ್ ಕಳಿಸಿದವಳು. ಅಲ್ಲಿ ಹತ್ತು ನಿಮಿಷ ಕೂಡ ನಿಲ್ಲಲಿಲ್ಲ.

ಮೂರನೆಯದನ್ನು ನೋಡಲು ಭಾನುವಾರ ಬೆಳಗ್ಗೆ ಬೇಗ ಹೊರಟೆವು. ಅದರ ಯಜಮಾನ ಎಪ್ಪತ್ತು ದಾಟಿದ ಮುದುಕ. ಎಲ್ಲರೂ ತಾಊ, ಅಂದರೆ ದೊಡ್ಡಪ್ಪ ಎಂದು ಕರೆಯುತ್ತಿದ್ದರು. ಟ್ರ್ಯಾಕ್ಟರ್ ಬಣ್ಣ ಮಾಸಿತ್ತು, ಒಂದು ಕಡೆಯ ಮಡ್‌ಗಾರ್ಡ್ ಸೊಟ್ಟಗಿತ್ತು, ಸೀಟಿನ ಮೇಲೆ ಗೋಣಿಚೀಲ. "ನಾನು ಮುಟ್ಟಿಲ್ಲ, ನೀವೇ ಚಾಲೂ ಮಾಡಿ" ಎಂದರು. ಬಾನೆಟ್ ಮೇಲೆ ಇಬ್ಬನಿಯಿತ್ತು. ನಾನು ಕೀಲಿ ತಿರುಗಿಸಿದೆ. ಒಂದು ಸಲ ಕೆಮ್ಮಿತು, ಎರಡನೆಯ ಸಲಕ್ಕೆ ಎದ್ದಿತು. ಹೊಗೆ ಸ್ವಲ್ಪ ಕಪ್ಪಾಗಿ ಬಂದು ತಿಳಿಯಾಯಿತು, ನೀಲಿಯ ಸುಳಿವಿಲ್ಲ. ನೇಗಿಲು ಎತ್ತಿಸಿ ಎಂಜಿನ್ ನಿಲ್ಲಿಸಿದೆ. ಅದರ ಮುಂದೆಯೇ ಮಂಚ ಹಾಕಿಸಿಕೊಂಡು ಚಹಾ ಕುಡಿದೆವು. ಚಹಾ ಮುಗಿದರೂ ನೇಗಿಲು ಒಂದು ಬೆರಳಷ್ಟೂ ಇಳಿದಿರಲಿಲ್ಲ. ಆ ಕಡೆ ಚಹಾ ಎಂದರೆ ಪಾಯಸ. ನನ್ನ ತುಟಿ ಅಂಟಿಕೊಂಡಿತ್ತು. ಸಕ್ಕರೆ ಕಾಯಿಲೆಯ ಸಂತೋಷಳಿಗೆ ಮಾತ್ರ, ಅವಳು ಬಾಯಿಬಿಡುವ ಮುಂಚೆಯೇ, ತಾಊ ಹೆಂಡತಿ ಸಕ್ಕರೆಯಿಲ್ಲದ ಚಹಾ ತಂದಿಟ್ಟರು. ಹಳ್ಳಿಯವರು ಮುಖ ನೋಡಿಯೇ ಎಲ್ಲ ತಿಳಿದುಕೊಳ್ಳುತ್ತಾರಲ್ಲ ಎಂದು ಮನಸ್ಸಿನಲ್ಲೇ ಮೆಚ್ಚಿದೆ. "ಇಷ್ಟು ಚೆನ್ನಾಗಿರೋದನ್ನ ಯಾಕೆ ಮಾರ್ತೀರಿ ತಾಊ?" ಎಂದೆ. "ಮೊಣಕಾಲು ಹೋಯ್ತು ಬೇಟಿ" ಎಂದರು. ನಾನು ಬಗ್ಗಿ ಟ್ರ್ಯಾಕ್ಟರಿನ ಕೆಳಗೆ ನೋಡಿದೆ. "ಅದರದ್ದಲ್ಲ, ನಂದು" ಎಂದರು. ಅಷ್ಟರಲ್ಲಿ ಸಂತೋಷ ಹತ್ತಿ ಕೂತು ಹೊಲದ ಸುತ್ತ ಒಂದು ಸುತ್ತು ಹೊಡೆದುಕೊಂಡು ಬಂದಳು. ಟಪಾಲು ವಿಭಾಗದಲ್ಲಿ ಇಪ್ಪತ್ತು ವರ್ಷ ತಲೆ ಬಗ್ಗಿಸಿ ಕೂತಿದ್ದವಳು ಅಲ್ಲಿ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತದ್ದನ್ನು ನೋಡಿ, ಯಾಕೋ, ನಾನೂ ಮಂಚದ ಮೇಲೆ ನೆಟ್ಟಗೆ ಕೂತೆ.

ಆ ದಿನವೇ ಪಟ್ಟಿ ಬರೆದೆ. ಕ್ರಮಸಂಖ್ಯೆ, ವಿವರ, ದೋಷ, ಷರಾ. ಮೂರನೆಯದರ ಮುಂದೆ "ಸಮಿತಿಯು ಶಿಫಾರಸು ಮಾಡುತ್ತದೆ" ಎಂದು ಶುದ್ಧ ಕಚೇರಿ ಹಿಂದಿಯಲ್ಲಿ ಬರೆದು ಸಹಿ ಹಾಕಿದೆ. ನಿವೃತ್ತಿಯ ನಂತರ ನನ್ನ ಸಹಿಗೆ ಬೆಲೆ ಬಂದದ್ದು ಅದೇ ಮೊದಲು.

ಮುಂದಿನ ವಾರ ತಾಊ ತಾವೇ ಟ್ರ್ಯಾಕ್ಟರ್ ಓಡಿಸಿಕೊಂಡು ಬಂದರು. ನಾನೂ ಹೋಗಿದ್ದೆ. ಸಂತೋಷಳ ಅಂಗಳದಲ್ಲಿ ಹಿರಿಯರು ಕೂತಿದ್ದರು. ರಾಜಬೀರ ನನ್ನ ಪಟ್ಟಿಯನ್ನು ಸಾಲು ಸಾಲಾಗಿ ಬೆರಳಿಟ್ಟು ಓದಿದ. ತನ್ನ ಯಾರ್ಡಿನವನ ಮುಂದೆ "ಮೀಟರ್ ಹಾಗೂ ಪೆಡಲ್ ಪರಸ್ಪರ ಹೊಂದುವುದಿಲ್ಲ" ಎಂದಿದ್ದ ಕಡೆ ಬೆರಳು ನಿಂತಿತು. ಎದ್ದು ಹೋಗಿ ತಾಊ ಟ್ರ್ಯಾಕ್ಟರಿನ ಪೆಡಲ್ ನೋಡಿದ, ಮೀಟರ್ ನೋಡಿದ, ಆಯಿಲ್ ಮುಚ್ಚಳ ತೆಗೆದು ಮೂಸಿದ. "ಮೇಡಂ ಬರೆದಿರೋದು ಸರಿಯಾಗಿದೆ" ಎಂದ. ಮನುಷ್ಯ ಕೆಟ್ಟವನಲ್ಲ. ಆದರೆ ಕೂತ ಮೇಲೆ ಇನ್ನೊಂದು ಮಾತು ಎಸೆದ: "ಭಾಭಿ ಮುಂಚೇನೇ ಹೋಗಿ ಇದನ್ನೇ ನೋಡಿಟ್ಟು ಬಂದು, ಆಮೇಲೆ ನಿಮ್ಮ ಕೈಲಿ ಕಾಗದ ಬರೆಸಿದ್ದಲ್ಲ ತಾನೇ? ಹಾಗಿದ್ರೆ ಇದೆಲ್ಲ ನಾಟಕ ಆಗುತ್ತೆ." ನಾನು ಸಿಡಿದೆ. "ಏನ್ರೀ ಹಾಗಂದ್ರೆ? ಮೂವತ್ತೊಂದು ವರ್ಷದಲ್ಲಿ ನನ್ನ ಕೈಲಿ ಯಾರೂ ಹಾಗೆ ಬರೆಸಿಲ್ಲ!" ಎಂದೆ. ಹಿರಿಯರು ತಲೆದೂಗಿದರು.

ಆಗ ತಾಊ ಚೀಲದಿಂದ ಒಂದು ಡಬ್ಬಿ ತೆಗೆದರು. "ಶುಭಕ್ಕೆ ಬೆಲ್ಲ. ಮನೆಯಾಕೆ ಕಳಿಸಿದ್ದಾಳೆ. ಖಾಲಿ ಡಬ್ಬಿ ವಾಪಸ್ ಕೊಡಬಾರದು ಅಂತ..." ಎಂದವರು, ಸಂತೋಷಳ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದರು. ಡಬ್ಬಿ ರಾಜಬೀರನ ಕೈಗೆ ಹೋಯಿತು. ಬೆಲ್ಲ ಬಾಯಿಗೆ ಹಾಕಿಕೊಂಡು ಅವನು ಮುಚ್ಚಳ ತಿರುಗಿಸಿ ನೋಡಿದ. ಚುಕ್ಕಿ ಚುಕ್ಕಿಯಾಗಿ ನನ್ನ ಹೆಸರು ಬಿಸಿಲಿಗೆ ಹೊಳೆಯಿತು.

ಸಕ್ಕರೆಯಿಲ್ಲದ ಚಹಾ ನನಗೆ ಆಗ ಅರ್ಥವಾಯಿತು. ನನ್ನ ಕೋಡುಬಳೆ ಎಲ್ಲಿಗೆ ಹೋಗಿತ್ತು ಎಂಬುದೂ ಅರ್ಥವಾಯಿತು. ಸಂತೋಷ ದುಪಟ್ಟಾದ ತುದಿ ಹಿಂಡುತ್ತಾ ನೆಲ ನೋಡುತ್ತಿದ್ದಳು.

"ಇದೇನು ಅಕ್ಷರ? ಮೇಡಂ, ಇದು ನಿಮ್ಮ ಕಡೇದಲ್ವಾ? ಏನು ಬರೆದಿದೆ?" ಎಂದ ರಾಜಬೀರ.

ಆ ಊರಿನಲ್ಲಷ್ಟೇ ಅಲ್ಲ, ಸುತ್ತ ಹತ್ತು ಊರಿನಲ್ಲಿ ಅದನ್ನು ಓದಬಲ್ಲವಳು ನಾನೊಬ್ಬಳೇ. ನನ್ನ ಹೆಸರು, ನನ್ನ ಡಬ್ಬಿ, ನನ್ನ ಸೋದರತ್ತೆ. ಡಬ್ಬಿಯನ್ನು ಕೈಗೆ ತೆಗೆದುಕೊಂಡೆ, ಕನ್ನಡಕ ಮೂಗಿನ ಮೇಲೆ ಸರಿಸಿದೆ. "ನಮ್ಮದಲ್ಲ. ಇದು ತಮಿಳು. ನನಗೆ ಓದೋಕೆ ಬರಲ್ಲ" ಎಂದೆ.

"ಎಲ್ಲ ಒಂದೇ ಅಲ್ವಾ?" ಎಂದ ಅವನು.

ದೇವರೇ! ಗಂಟಲಿಗೆ ಬಂದ ಪಾಠವನ್ನು ಬೆಲ್ಲದ ಜೊತೆ ನುಂಗಿದೆ. "ಹೌದು. ಹೆಚ್ಚುಕಡಿಮೆ ಒಂದೇ" ಎಂದೆ.

ರಾಜಬೀರ ಹೊಲದ ಗೇಟಿನ ಕೀಲಿಯನ್ನು ಭಾಭಿಯ ಕೈಗೆ ಕೊಟ್ಟ. ಮೆಟ್ರೋ ನಿಲ್ದಾಣದವರೆಗೂ ಸಂತೋಷ ನನ್ನ ಜೊತೆ ಬಂದಳು. ಮೆಟ್ಟಿಲ ಹತ್ತಿರ ನನ್ನ ಕೈ ಹಿಡಿದುಕೊಂಡಳು. "ತವರಿನಲ್ಲಿ ಹದಿನಾಲ್ಕು ವರ್ಷಕ್ಕೇ ಟ್ರ್ಯಾಕ್ಟರ್ ಓಡಿಸಿದವಳು ನಾನು. ನಿಮಗಿಂತ ಮುಂಚೆ ಹೋಗಿ ನೋಡಿದ ಕೂಡಲೇ ಗೊತ್ತಾಯ್ತು ಇದೇ ಅಂತ. ಆದ್ರೆ ನಾನು ಹೇಳಿದ್ರೆ ಯಾರು ನಂಬ್ತಾರೆ ಸರೋಜಾ ಜೀ? ಕಾಗದ ಬೇಕಿತ್ತು." ಸಿಟ್ಟು ಮಾಡಿಕೊಳ್ಳೋಣವೆಂದು ನೋಡಿದೆ, ಬರಲಿಲ್ಲ. ನಿಜವಾಗಿ ನೋಡಿದರೆ ಸಚಿವಾಲಯದಲ್ಲಿ ಆದದ್ದೂ ಇಷ್ಟೇ. ಯಾವ ಕುರ್ಚಿ ಎಂದು ಮೇಲಿನ ಮಹಡಿಯಲ್ಲಿ ಮೊದಲೇ ತೀರ್ಮಾನವಾಗಿರುತ್ತಿತ್ತು, ಮೂರು ಕೊಟೇಶನ್ ಆಮೇಲೆ ಬರುತ್ತಿದ್ದವು. ವ್ಯತ್ಯಾಸವೆಂದರೆ, ಅಲ್ಲಿ ಅದು ನನಗೆ ಗೊತ್ತಿರುತ್ತಿತ್ತು.

"ಟ್ರ್ಯಾಕ್ಟರ್ ಆರಿಸಿದ್ದು ಕೊನೆಗೆ ಯಾರು?" ಎಂದರು ನಮ್ಮವರು, ಎಲ್ಲ ಕೇಳಿ. "ಸಮಿತಿ" ಎಂದೆ. "ಡಬ್ಬಿ?" ಎಂದರು. ನನಗೆ ಓದಲು ಬಾರದ ಡಬ್ಬಿಯನ್ನು ಅಷ್ಟು ಜನರ ಮುಂದೆ ಕಂಕುಳಲ್ಲಿ ಇಟ್ಟುಕೊಂಡು ಬರುವುದು ಹೇಗೆ? ಅದು ಈಗ ಸಂತೋಷಳ ಟ್ರ್ಯಾಕ್ಟರ್ ಸೀಟಿನ ಪಕ್ಕ ಬುತ್ತಿ ಹೊತ್ತುಕೊಂಡು ದಿನಾ ಹೊಲಕ್ಕೆ ಹೋಗುತ್ತದೆ. ಊರೆಲ್ಲ ಅದನ್ನು ತಮಿಳು ಡಬ್ಬಿ ಎನ್ನುತ್ತಾರಂತೆ. ಗೋಧಿ ಚೆನ್ನಾಗಿ ಎದ್ದಿದೆ. ಮುಚ್ಚಳದ ಮೇಲಿನ ಆ ಹೆಸರನ್ನು ಓದಬಲ್ಲವರು ಆ ಊರಿನಲ್ಲಿ ಒಬ್ಬರೂ ಇಲ್ಲ. ನಾನು ಅಲ್ಲಿಗೆ ಹೋದ ದಿನವೂ ಇರುವುದಿಲ್ಲ.