ದಂತಪ್ಪನ ಆರುನೂರು ಕಿಲೋಮೀಟರು

"ಬರೋ ಶುಕ್ರವಾರ ನಾನೂ ಹೊರಡ್ತೀನಿ. ಬೈಕಲ್ಲಿ. ಹೋಗಿ ಬರೋದು ಒಟ್ಟು ಆರುನೂರು ಕಿಲೋಮೀಟರು" ಎಂದು ತಿಂಡಿಯ ತಟ್ಟೆಯ ಮುಂದೆ ಕೂತು ದಂತಪ್ಪ ಘೋಷಿಸಿದಾಗ, ಯುದ್ಧಕ್ಕೆ ಹೊರಟ ಸೇನಾಪತಿಯ ದನಿಯೇ ಅವನ ಗಂಟಲಿನಿಂದ ಹೊರಟಿತ್ತು.

ಅಂಗಳದಲ್ಲಿ ತನ್ನ ಬೈಕಿನ ಚೈನಿಗೆ ಎಣ್ಣೆ ಬಿಡುತ್ತಿದ್ದ ಹೆಂಡತಿ ತಲೆಯೆತ್ತದೆ ಕೇಳಿದಳು. "ಯಾರ ಜೊತೆ?"

ತನಗೆ ಸೇನೆಯೇ ಇಲ್ಲವೆಂಬುದು ಸೇನಾಪತಿಗೆ ಆಗ ಹೊಳೆಯಿತು.

"ಇದ್ದಾರೆ" ಎಂದ.

"ಯಾರೋ?" ಎಂದಳು ಅವನ ತಾಯಿ, ಬ್ರೆಡ್ಡಿನ ಚೂರನ್ನು ಬಾಯಲ್ಲಿ ಎಡದಿಂದ ಬಲಕ್ಕೆ ಸಾಗಿಸುತ್ತ. "ನಲವತ್ತೈದು ವರ್ಷದಲ್ಲಿ ನಿನ್ನ ಹುಡುಕ್ಕೊಂಡು ಒಬ್ಬ ಸ್ನೇಹಿತ ಈ ಮನೆ ಮೆಟ್ಟಿಲು ಹತ್ತಿದ್ದು ನಾನಂತೂ ನೋಡಿಲ್ಲ."

"ಇದ್ದಾರೆ ಅಂದ್ನಲ್ಲಮ್ಮ."

ದಂತಪ್ಪನ ನಿಜವಾದ ಹೆಸರು ಮನೆಯ ಕರೆಂಟ್ ಬಿಲ್ಲಿನಲ್ಲಷ್ಟೇ ಉಳಿದಿತ್ತು. ಹಲ್ಲಿನ ಡಾಕ್ಟರುಗಳು ಕಳಿಸುವ ಅಳತೆಗೆ ಹಲ್ಲಿನ ಸೆಟ್ಟು ಮಾಡಿಕೊಡುವುದು ಅವನ ಕಸುಬು. ಮಾರುಕಟ್ಟೆಯ ಹಿಂದಿನ ಒಂದು ಕೋಣೆಯಲ್ಲಿ ಇಪ್ಪತ್ತು ವರ್ಷಗಳಿಂದ ಕೂತು ಅವನು ಮಾಡಿದ ಹಲ್ಲುಗಳಿಂದಲೇ ಊರಿನ ಅರ್ಧ ಮುದುಕರು ಅಗಿಯುತ್ತಿದ್ದರು, ಅದೇ ಹಲ್ಲುಗಳ ನಡುವಿನಿಂದಲೇ ಅವನನ್ನು ಬೈಯುತ್ತಿದ್ದರು. ಹೆತ್ತ ತಾಯಿಯೂ ಇದಕ್ಕೆ ಹೊರತಾಗಿರಲಿಲ್ಲ.

ಹೆಂಡತಿಗೆ ಲೈಬ್ರರಿಯಲ್ಲಿ ಕೆಲಸ. ದಿನವಿಡೀ ಜನರಿಗೆ "ಶ್" ಎನ್ನುವುದು ಅವಳ ಉದ್ಯೋಗ. ಮನೆಗೆ ಬಂದ ಮೇಲೂ ಆ ಉದ್ಯೋಗ ಒಂದಿಷ್ಟು ಮುಂದುವರಿಯುತ್ತಿತ್ತು. ಮೂರು ವರ್ಷಗಳ ಹಿಂದೆ ಅವಳು ಒಬ್ಬ ನರ್ಸು, ಒಬ್ಬ ಟೈಲರು ಮತ್ತು ನಿವೃತ್ತಳಾದ ಒಬ್ಬ ಪೋಸ್ಟ್‌ಮಾಸ್ಟರಮ್ಮ, ಈ ಮೂವರು ಗೆಳತಿಯರ ಜೊತೆ ಸೇರಿ ಬೈಕಿನಲ್ಲಿ ದೂರದೂರ ಹೋಗಿಬರಲು ಶುರು ಮಾಡಿದಳು. ದಂತಪ್ಪ ಮೊದಲ ವರ್ಷ ಹೆಮ್ಮೆಪಟ್ಟ, ಎರಡನೆಯ ವರ್ಷ ಸಹಿಸಿಕೊಂಡ. ಮೂರನೆಯ ವರ್ಷ ಆ ಫೋಟೋ ಬಂತು.

ಯಾವುದೋ ರಸ್ತೆಬದಿ. ಮೋಟುಗೋಡೆಯ ಮೇಲೆ ನಾಲ್ಕು ಹೆಲ್ಮೆಟ್ಟು, ಗೋಡೆಗೆ ಒರಗಿ ನಾಲ್ಕು ಜನ, ನಾಲ್ವರಿಗೂ ತಡೆಯಲಾರದ ನಗು. ದಂತಪ್ಪ ಕಸುಬಿನ ಅಭ್ಯಾಸದಂತೆ ಫೋಟೋವನ್ನು ದೊಡ್ಡದು ಮಾಡಿ ಎಣಿಸಿದ. ಹೆಂಡತಿಯ ಇಪ್ಪತ್ತಾರು ಹಲ್ಲು ಕಾಣುತ್ತಿದ್ದವು. ಹನ್ನೊಂದು ವರ್ಷದ ಸಂಸಾರದಲ್ಲಿ ಅವನಿಗೆ ದರ್ಶನ ಕೊಟ್ಟದ್ದು ಹೆಚ್ಚೆಂದರೆ ಹತ್ತು. ಉಳಿದ ಹದಿನಾರು ಹಲ್ಲುಗಳ ಲೆಕ್ಕದಲ್ಲಿ ತನಗೆ ಮೋಸವಾಗಿದೆ ಎಂದು ಅವನ ಎದೆ ಚುರುಕ್ಕೆಂದಿತು.

"ಯಾಕೆ ಹಾಗೆ ನಗ್ತಿದ್ರಿ?"

"ಎಮ್ಮೆ" ಎಂದವಳು ಮತ್ತೆ ಬಾಯಿಗೆ ಸೆರಗು ಹಿಡಿದಳು.

"ಏನ್ ಎಮ್ಮೆ?"

"ಹೇಳಿದ್ರೆ ನಗು ಬರಲ್ಲ ರೀ. ಅಲ್ಲಿ ಇರಬೇಕಿತ್ತು."

ಅವತ್ತು ಹೊಟ್ಟೆಯಲ್ಲಿ ಹೊತ್ತಿದ ಕಿಚ್ಚು ಯಾವ ಮಾತ್ರೆಗೂ ಆರಲಿಲ್ಲ. ಪ್ರತಿ ಸಲವೂ ಅವಳು ಬಿಸಿಲಿಗೆ ಮೂಗಿನ ತುದಿ ಸುಟ್ಟುಕೊಂಡು ಬರುತ್ತಿದ್ದಳು, ಮಗುವಿನ ಹಾಗೆ ನಿದ್ದೆ ಮಾಡುತ್ತಿದ್ದಳು. ಅವಳಿಗೆ ಜ್ವರ ಬಂದರೆ, ಇವನು ಥರ್ಮಾಮೀಟರು ಎಲ್ಲಿದೆಯೆಂದು ಹುಡುಕಿ ಮುಗಿಸುವಷ್ಟರಲ್ಲಿ ನರ್ಸು ಬಂದು ಹಣೆ ಮುಟ್ಟಿ ಕೂತಿರುತ್ತಿದ್ದಳು. ಅವಳ ಚಹಾಕ್ಕೆ ಎಷ್ಟು ಸಕ್ಕರೆ ಎಂದು ಟೈಲರಿಗೆ ಗೊತ್ತಿತ್ತು. ಇವನಿಗೆ ಮಾತ್ರ ಎಮ್ಮೆಯ ವಿಷಯವೂ ಗೊತ್ತಿಲ್ಲ. ಕಣ್ಣಾರೆ ನೋಡಿರದ ಒಂದು ಎಮ್ಮೆಯ ಮೇಲೆ ದುಡಿದು ತಿನ್ನುವ ಗಂಡಸೊಬ್ಬ ಅಸೂಯೆಪಟ್ಟದ್ದು ಬಹುಶಃ ಅದೇ ಮೊದಲು.

ಹೀಗಾಗಿ ಸೇನೆ ಕಟ್ಟಬೇಕಾಯಿತು. ದಂತಪ್ಪನ ಕೋಣೆಯ ಪಕ್ಕದಲ್ಲಿ ಕಟಿಂಗ್ ಶಾಪು ಇಟ್ಟಿದ್ದವನನ್ನು ಎಲ್ಲರೂ ಕತ್ತರಿ ಎನ್ನುತ್ತಿದ್ದರು. ಎದುರಿಗೆ ವಾಚು ರಿಪೇರಿಯ ಗಡಿಯಾರದಣ್ಣ, ಅರವತ್ತು ದಾಟಿದವರು. ಇಪ್ಪತ್ತು ವರ್ಷಗಳಿಂದ ಮೂವರೂ ದಿನಾ "ಏನ್ ಸಮಾಚಾರ" ಎಂದು ಕೇಳಿ, ಉತ್ತರಕ್ಕೆ ಕಾಯದೆ ಷಟರು ಎತ್ತುತ್ತಿದ್ದರು.

"ಬೆಟ್ಟಕ್ಕಾ? ಅಲ್ಲೇನಿದೆ?" ಎಂದ ಕತ್ತರಿ.

"ಬೆಟ್ಟ ಇದೆ."

"ಹೋಗಿ ಏನ್ ಮಾಡೋದು?"

"ನಗೋದು ಕಣೋ. ಫೋಟೋ ತೆಗೆದು ಮನೆಗೆ ಕಳಿಸೋದು."

ಕತ್ತರಿ ಒಪ್ಪಿಕೊಂಡ. ಗಡಿಯಾರದಣ್ಣ ಬಹಳ ಹೊತ್ತು ಯೋಚಿಸಿ, "ಎಷ್ಟು ಗಂಟೆಗೆ?" ಎಂದು ಕೇಳಿದರು.

"ಬೆಳಗ್ಗೆ ಆರಕ್ಕಣ್ಣ."

"ಯಾವ ಗಡಿಯಾರದ ಆರಕ್ಕೆ?" ಎಂದು ಅವರು ಗೋಡೆಯ ಕಡೆ ಕೈ ತೋರಿದರು. ಅಲ್ಲಿ ನಲವತ್ತು ಗಡಿಯಾರಗಳು ನಲವತ್ತು ಸಮಯ ತೋರಿಸುತ್ತಿದ್ದವು.

ಶುಕ್ರವಾರ ಅಂತೂ ದಂಡು ಹೊರಟಿತು. ದಂತಪ್ಪನ ಹದಿನೈದು ವರ್ಷದ ಬೈಕು ಮುಂದೆ, ಗಡಿಯಾರದಣ್ಣನನ್ನು ಕೂರಿಸಿಕೊಂಡ ಕತ್ತರಿಯ ಬೈಕು ಹಿಂದೆ. ಹೆಂಡತಿ ಬಗ್ಗಿ ನೋಡಿದಳು.

"ಚೈನ್ ಸಡಿಲ ಇದೆ ರೀ. ಐದು ನಿಮಿಷ, ಬಿಗಿ ಮಾಡಿಕೊಡ್ತೀನಿ."

"ನನಗೂ ಗೊತ್ತಿದೆ" ಎಂದು ದಂತಪ್ಪ ಹೊಗೆಯ ಪರದೆಯೊಂದನ್ನು ಬಿಟ್ಟು ಮಾಯವಾದ.

ಊರಿನ ಸೇತುವೆ ದಾಟಿ ನಾಲ್ಕನೆಯ ಕಿಲೋಮೀಟರಿನಲ್ಲಿ ಚೈನು ತುಂಡಾಯಿತು. ಹತ್ತಿರದ ಗ್ಯಾರೇಜಿನ ಮೆಕ್ಯಾನಿಕ್ಕು ಗಾಡಿಯನ್ನು ನೋಡಿ, ಅದರ ವಯಸ್ಸಿಗೆ ಗೌರವ ಕೊಟ್ಟು ಎದ್ದು ನಿಂತ. "ಈ ಗಾಡಿ ಚೈನು ಈಗ ಅಂಗಡೀಲಿ ಸಿಗಲ್ಲ ಸಾರ್. ಸೋಮವಾರ ಎಲ್ಲಾದ್ರೂ ಹುಡುಕಿಸ್ತೀನಿ."

"ಮನೆಗೆ ಹೋಗೋಣ ಬಿಡು" ಎಂದ ಕತ್ತರಿ.

"ನನ್ನ ಹೆಣ ಹೋಗುತ್ತೆ ಮನೆಗೆ."

ಆರುನೂರು ಕಿಲೋಮೀಟರಿನ ಮಹಾಯಾತ್ರೆ ಸಂದಿಗೊಂದಿಗಳಲ್ಲಿ ಗಾಡಿ ತಳ್ಳಿಕೊಂಡು ಬಂದು ದಂತಪ್ಪನ ಕೋಣೆಯಲ್ಲಿ ಮುಗಿಯಿತು. ಒಳಗಿನಿಂದ ಷಟರು ಎಳೆದುಕೊಂಡರು. ಭಾನುವಾರದವರೆಗೆ ಅಲ್ಲೇ ಇದ್ದು, ಮೈಗೆ ಒಂದಿಷ್ಟು ಧೂಳು ಹಚ್ಚಿಕೊಂಡು ಮನೆಗೆ ಹೋಗುವುದೆಂದು ತೀರ್ಮಾನವಾಯಿತು.

ಹನ್ನೊಂದಕ್ಕೆ ಹೆಂಡತಿಯ ಮೆಸೇಜು ಬಂತು. "ಎಲ್ಲಿದ್ದೀರಿ? ಒಂದು ಫೋಟೋ ಕಳಿಸಿ."

ಮೂವರೂ ಕೋಣೆಯ ನಾಲ್ಕೂ ಗೋಡೆ ನೋಡಿದರು. ಕಪಾಟಿನ ಕೆಳಹಲಗೆಯ ಮೇಲೆ ಊರಿನ ಹಿರಿಯರ ಹಲ್ಲಿಲ್ಲದ ದವಡೆಗಳು, ಪ್ಲಾಸ್ಟರಿನ ಅಚ್ಚುಗಳಾಗಿ ಸಾಲಾಗಿ ಕೂತಿದ್ದವು. ಗಡಿಯಾರದಣ್ಣ ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು ಒಂದನ್ನು ನೋಡಿ, "ಹತ್ತಿರದಿಂದ ನೋಡಿದ್ರೆ ಒಸಡು ಬೆಟ್ಟದ ಥರಾನೇ ಇದೆಯಲ್ಲೋ" ಎಂದರು.

ಇತ್ತು. ಅವುಗಳಲ್ಲೆಲ್ಲ ಒಂದು ಅಚ್ಚು ಬಲು ಗಂಭೀರವಾಗಿತ್ತು. ಉದ್ದದ ಬೆಟ್ಟಸಾಲು, ಎಡಗಡೆ ಒಂದು ದಿಟ್ಟ ಶಿಖರ. ಅಡಿಗೆ ಅಂಟಿಸಿದ್ದ ಚೀಟಿ ಉದುರಿಹೋಗಿತ್ತು, ಯಾರದೆಂದು ಯೋಚಿಸುವ ವ್ಯವಧಾನ ದಂತಪ್ಪನಿಗೂ ಇರಲಿಲ್ಲ. ಅದನ್ನು ಕಿಟಕಿಯ ಬೆಳಕಿಗಿಟ್ಟು, ಪಕ್ಕದಲ್ಲಿ ಚಹಾದ ಕೆಟಲು ಕುದಿಸಿ, ಆವಿ ಹಾಯುವ ಹೊತ್ತಿಗೆ ಕತ್ತರಿ ಫೋಟೋ ತೆಗೆದ. "ಸುಣ್ಣಕಲ್ಲಿನ ಬೆಟ್ಟ. ಮಂಜು ಕವಿದಿದೆ" ಎಂದು ಬರೆದು ಕಳಿಸಿದರು.

ಉತ್ತರ ಬರಲು ಒಂದು ಗಂಟೆ ಹಿಡಿಯಿತು. "ಎಷ್ಟು ಚೆನ್ನಾಗಿದೆ ರೀ. ನಾವು ಇಂಥದ್ದು ಎಲ್ಲೂ ನೋಡಿಲ್ಲ."

ದಂತಪ್ಪ ಅದನ್ನು ಏಳು ಸಲ ಓದಿದ. ಅವಳಿಗೆ ಹೊಟ್ಟೆ ಉರಿದಿದೆ ಎಂದುಕೊಂಡಾಗ ಅವನ ಹೊಟ್ಟೆ ತಣ್ಣಗಾಯಿತು.

ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಆದರೆ ಶನಿವಾರ ಮಧ್ಯಾಹ್ನ ಅವನಿಗೆ ಇನ್ನೂ ದಟ್ಟವಾದ ಮಂಜು ಬೇಕೆನಿಸಿತು. ಎರಡು ಗಂಟೆ ಕೆಟಲು ಕುದಿಯಿತು. ಮೇಲಿನ ಹಲಗೆಯಲ್ಲಿ ಸೋಮವಾರ ಕೊಡಬೇಕಾದ ಎರಡು ಸೆಟ್ಟುಗಳ ಹಲ್ಲನ್ನು ಮೇಣದಲ್ಲಿ ಜೋಡಿಸಿಟ್ಟಿದ್ದ. ಆವಿಗೆ ಮೇಣ ಕರಗಿತು. ಮೊದಲು ಒಂದು ಕೋರೆಹಲ್ಲು ನಿಧಾನವಾಗಿ ಜಾರಿ ಗಡಿಯಾರದಣ್ಣನ ಚಹಾದ ಲೋಟಕ್ಕೆ ಬಿತ್ತು. ಅವರು ಗುಟುಕು ಕುಡಿದು, ಕಚ್ಚಿ, ಕೈಗೆ ಉಗುಳಿ, ನೋಡಿ, ತಮ್ಮ ಬಾಯನ್ನೆಲ್ಲ ನಾಲಿಗೆಯಿಂದ ಮುಟ್ಟಿಕೊಂಡು ಹೇಳಿದರು. "ನಂದೆಲ್ಲ ಇದೆ. ಇದು ಜಾಸ್ತಿ ಬಂದಿದೆ."

ಅಷ್ಟರಲ್ಲಿ ಮಿಕ್ಕವೂ ಪಟಪಟನೆ ಉದುರಿದವು. ಸೆಟ್ಟಿಗೆ ಇಪ್ಪತ್ತೆಂಟರಂತೆ ಐವತ್ತಾರು ಹಲ್ಲು ನೆಲದ ತುಂಬ. ಕತ್ತರಿ ಬೆಂಚಿನ ಕೆಳಗೆ ಹೊಟ್ಟೆಯ ಮೇಲೆ ಮಲಗಿ ಬಾಚಣಿಗೆಯಿಂದ ಹಲ್ಲು ಬಾಚತೊಡಗಿದ. ದಂತಪ್ಪ ಅಳಲು ಬಾಯಿ ತೆರೆದ, ಹೊರಗೆ ಬಂದದ್ದು ನಗು. ಮೂವರೂ ನೆಲಕ್ಕೆ ಕೂತು, ಪಕ್ಕೆ ಹಿಡಿದುಕೊಂಡು, ಉಸಿರು ಸಿಗದೆ ನಕ್ಕರು.

ಆಗ ಷಟರು ಬಡಿದ ಸದ್ದಾಯಿತು.

ಎತ್ತಿದರೆ ಎದುರಿಗೆ ನಾಲ್ಕು ಬೈಕು. ಹೆಂಡತಿ, ನರ್ಸು, ಟೈಲರು, ಪೋಸ್ಟ್‌ಮಾಸ್ಟರಮ್ಮ. ಹೆಂಡತಿಯ ಹಿಂದಿನ ಸೀಟಿನಿಂದ ಹೆಲ್ಮೆಟ್ಟು ಹಾಕಿಕೊಂಡಿದ್ದ ತಾಯಿ ಇಳಿದಳು.

"ಎಲ್ಲಿಗೆ ಹೋಗಿದ್ದೆಯೋ?"

"ಬೆ... ಬೆಟ್ಟಕ್ಕಮ್ಮ."

"ಯಾರ ಬೆಟ್ಟ ಅದು?" ತಾಯಿ ಮೇಲಿನ ಸೆಟ್ಟನ್ನು ತೆಗೆದು ಕೈಯಲ್ಲಿ ಹಿಡಿದು, ಎಡ ಒಸಡನ್ನು ಬೆರಳಿಂದ ಮುಟ್ಟಿ ತೋರಿಸಿ, ಸೆಟ್ಟನ್ನು ಮತ್ತೆ ಕೂರಿಸಿಕೊಂಡಳು. "ಈ ದಿಬ್ಬಾನ ಹನ್ನೆರಡು ವರ್ಷದಿಂದ ದಿನಾ ನಾಲಿಗೆಯಲ್ಲಿ ಹತ್ತಿ ಇಳಿದಿದ್ದೀನಿ ಕಣೋ. ನಿನ್ನೆ ಇವಳು ಫೋಟೋ ತೋರಿಸಿದ ಕೂಡಲೇ ಗೊತ್ತಾಯ್ತು. ನನ್ನ ಮಗ ನನ್ನ ಬಾಯೊಳಗೇ ಟೂರು ಹೋಗಿದ್ದಾನೆ ಅಂತ."

ನರ್ಸು ಬೈಕಿನ ಮೇಲೇ ಬಾಗಿಬಿಟ್ಟಳು. ಪೋಸ್ಟ್‌ಮಾಸ್ಟರಮ್ಮ ಕಣ್ಣೊರೆಸಿಕೊಂಡರು. ಹೆಂಡತಿ ಮಾತ್ರ ನಗಲಿಲ್ಲ.

"ಹತ್ತು ನಿಮಿಷ ಹೊರಗೆ ನಿಂತಿದ್ವಿ. ಬೈಯೋಕೆ ಅಂತಲೇ ಬಂದಿದ್ದೆ. ನೀವು ಹಾಗೆ ನಗೋದು ನಾನು ಕೇಳೇ ಇರಲಿಲ್ಲ. ಏನಾಯ್ತು ಒಳಗೆ?"

ದಂತಪ್ಪ ಹೇಳಿದ. ಕೆಟಲು, ಮೇಣ, ಲೋಟ, ಕೋರೆಹಲ್ಲು. ಹೇಳಿ ಮುಗಿಸುವಷ್ಟರಲ್ಲಿ ಕತ್ತರಿಯೂ ಗಡಿಯಾರದಣ್ಣನೂ ಮತ್ತೆ ಗೋಡೆಗೆ ಒರಗಿ ನಗುತ್ತಿದ್ದರು. ಹೆಂಡತಿ ಮೂವರನ್ನೂ ಒಬ್ಬೊಬ್ಬರನ್ನಾಗಿ ನೋಡಿದಳು. ಆ ನೋಟ ದಂತಪ್ಪನಿಗೆ ಬಹಳ ಪರಿಚಯದ್ದು. ಒಂದು ವರ್ಷದಿಂದ ಅವನು ಅದನ್ನು ಕನ್ನಡಿಯಲ್ಲಿ ಕಾಣುತ್ತಿದ್ದ. ತಾನು ಬಯಸಿದ್ದೇ ಸಿಕ್ಕಿತ್ತು, ಆದರೆ ಅದನ್ನು ಅವಳ ಮುಖದಲ್ಲಿ ನೋಡಲು ಅವನಿಗೆ ಹಿತವೆನಿಸಲಿಲ್ಲ.

"ನಾಳೆ ಬೆಳಗ್ಗೆ ನಾವು ಹೊರಡ್ತಿದ್ದೀವಿ. ನಿಜವಾದ ಬೆಟ್ಟಕ್ಕೆ" ಎಂದಳು ಅವಳು ಮೆಲ್ಲಗೆ. "ನಿಮ್ಮ ಸ್ನೇಹಿತರೂ ಬರಲಿ. ನನ್ನ ಹಿಂದಿನ ಸೀಟು ಖಾಲಿ ಇದೆ. ಬರ್ತೀರಾ?"

ದಂತಪ್ಪ ಬರ್ತೀನಿ ಎನ್ನಲು ಬಾಯಿ ತೆರೆದ. ಫೋನು ಹೊಡೆದುಕೊಂಡಿತು. ಹಲ್ಲಿನ ಡಾಕ್ಟರು.

"ಸೋಮವಾರ ಒಂಬತ್ತಕ್ಕೆ ಎರಡೂ ಸೆಟ್ಟು ರೆಡಿ ತಾನೆ? ಪಾಪ, ಇಬ್ಬರೂ ಎರಡು ತಿಂಗಳಿಂದ ಬರೀ ಹಾಲು ಕುಡಿದುಕೊಂಡಿದ್ದಾರೆ."

ದಂತಪ್ಪ ನೆಲ ನೋಡಿದ. ಐವತ್ತಾರು ಹಲ್ಲು, ಯಾವುದು ಯಾರದೆಂದು ಹಲ್ಲಿಗೂ ಗೊತ್ತಿರಲಿಲ್ಲ.

"ರೆಡಿ ಸಾರ್" ಎಂದ.

ಭಾನುವಾರ ಬೆಳಗ್ಗೆ ಆರಕ್ಕೆ ಐದು ಬೈಕು ಹೊರಟವು. ಖಾಲಿ ಇದ್ದ ಸೀಟಿನಲ್ಲಿ ತಾಯಿ ಕೂತು ಸೊಸೆಯ ಸೊಂಟ ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಕತ್ತರಿ ಕೈ ಬೀಸಿದ. ಗಡಿಯಾರದಣ್ಣ ಅದೇ ಮೊದಲ ಸಲ ಹೇಳಿದ ಹೊತ್ತಿಗೆ ಬಂದಿದ್ದರು. ದಂತಪ್ಪ ಕೋಣೆಗೆ ಹೋಗಿ ಏಪ್ರನ್ನು ಕಟ್ಟಿಕೊಂಡು, ಹಲ್ಲು ಆರಿಸುತ್ತ ಕೂತ.

ಹನ್ನೆರಡರ ಹೊತ್ತಿಗೆ ತಾಯಿಯ ಫೋನು ಬಂತು. ಗಾಳಿಯ ಸದ್ದು, ಅದರ ಹಿಂದೆ ಆರು ಜನರ ನಗು.

"ಯಾಕಮ್ಮ ಅಷ್ಟು ನಗ್ತಿದ್ದೀರಿ?"

ತಾಯಿ ನಗು ತಡೆದುಕೊಂಡು ಹೇಳಿದಳು. "ಲೋ, ಮುಂದಿನ ತಿಂಗಳು ಎಲ್ಲರೂ ಸೇರಿ ಒಂದು ವಾರ ಹೋಗೋಣ ಅಂತ ಆಗಿದೆ. ಮನೆ ನೋಡ್ಕೊಳ್ಳೋಕೆ ಯಾರಿದ್ದಾರೆ ಅಂತ ಪಾಪ ನಿನ್ನ ಹೆಂಡತಿಗೆ ಒಂದೇ ಚಿಂತೆ."

"ನೀನೇನಂದೆ?" ಎಂದು ದಂತಪ್ಪ ಆಸೆಯಿಂದ ಕೇಳಿದ.

"ಚಿಂತೆ ಯಾಕೆ ಮಾಡ್ತೀಯೆ, ನನ್ನ ಮಗ ಇಲ್ವಾ ಅಂದೆ."