ಗೆಜೆಟ್ ಡಾಕ್ಟರ ತಿಂಗಳ ಪತ್ರ

ಆಸ್ಪತ್ರೆಯವಳು: ಮೂರು ಜನ ಸರ್. ಹತ್ತೇ ದಿನದಲ್ಲಿ ನಿಮ್ಮ ಚೀಟಿ ಹಿಡ್ಕೊಂಡು ಮೂರು ಜನ ಹೆರಿಗೆ ವಾರ್ಡಿಗೆ ಬಂದಿದ್ದಾರೆ.

ಡಾಕ್ಟರು: ಬರಲಿ ಬಿಡಮ್ಮ. ಹೆರಿಗೆ ಆಗೋರು ಹೆರಿಗೆ ವಾರ್ಡಿಗೆ ಬರದೆ ಸಿನಿಮಾಕ್ಕೆ ಹೋಗ್ತಾರಾ?

ಆಸ್ಪತ್ರೆಯವಳು: ಮೂವರೂ ಗಂಡಸರು ಸರ್.

ಡಾಕ್ಟರ ಪೆನ್ನು ನಿಂತಿತು. ಬೀದಿ ಕೊನೆಯ ಆ ಎರಡು ಕೋಣೆಯ ಕ್ಲಿನಿಕ್ಕಿನಲ್ಲಿ ಅವರು ಮೂವತ್ತು ವರ್ಷದಿಂದ ನಾಡಿ ಹಿಡಿಯುತ್ತಿದ್ದರು. ಇಂಥ ದೂರು ಇದೇ ಮೊದಲು. ಎದುರಿಗೆ ಕೂತ ಹುಡುಗಿ ದೊಡ್ಡಾಸ್ಪತ್ರೆಯ ಮಾಹಿತಿ ವಿಭಾಗದವಳು. ಫೈಲನ್ನು ಕೂಸಿನ ಹಾಗೆ ಅಪ್ಪಿಕೊಂಡಿದ್ದಳು.

ಡಾಕ್ಟರು: ನಾನು ಕಳ್ಸಿದ್ದು ಕಣ್ಣಿನ ವಿಭಾಗಕ್ಕೆ. ಎರಡನೇ ಮಹಡಿ, ಬಲಗಡೆ. ಯಾರನ್ನೂ ಕೇಳ್ಬೇಡಿ, ನೇರ ಒಳಗೆ ಹೋಗಿ ಕೂತ್ಕೊಳ್ಳಿ ಅಂತ ಹೇಳಿ ಕಳಿಸ್ತೀನಿ.

ಆಸ್ಪತ್ರೆಯವಳು: ಹಾಗೇ ಕೂತ್ಕೊಂಡ್ರು ಸರ್. ಒಬ್ಬರಿಗೆ ಕಣ್ಣಲ್ಲಿ ಪೊರೆ, ಸರಿಯಾಗಿ ಕಾಣ್ಸಲ್ಲ. ಪಕ್ಕದ ಹೆಣ್ಣುಮಗಳನ್ನ 'ನಿಮ್ದು ಯಾವಾಗ ತೆಗೀತಾರಂತೆ?' ಅಂದ್ರು. ಆಕೆ 'ನಾಳೆ' ಅಂದ್ಳು. 'ಒಂದೇನಾ, ಎರಡೂನಾ?' ಅಂದ್ರು. ಆಕೆ 'ಎರಡು ಅಂದಿದ್ದಾರೆ' ಅಂದ್ಳು. 'ನಂದೂ ಎರಡೇ. ಆದ್ರೆ ಒಟ್ಟಿಗೆ ತೆಗೆಯಲ್ಲ, ಒಂದು ತೆಗೆದು ಇನ್ನೊಂದನ್ನ ತಿಂಗಳು ಬಿಟ್ಟು ತೆಗೀತಾರೆ' ಅಂದ್ರಂತೆ. ಆಕೆ ಅಳೋಕೆ ಶುರು ಮಾಡಿದ್ಳು.

ಔಷಧಿ ಕಿಟಕಿಯ ಹಿಂದಿನಿಂದ ಗೊರಕ್ಕನೆ ಒಂದು ನಗು ಬಂತು. ಅದು ಕಾಂಪೌಂಡರಮ್ಮ. ಡಾಕ್ಟರಿಗಿಂತ ಎರಡು ವರ್ಷ ದೊಡ್ಡವರು, ಎರಡು ಪಾಲು ಬಾಯಿಯವರು. ಕ್ಲಿನಿಕ್ ಶುರುವಾದ ದಿನದಿಂದ ಅಲ್ಲೇ ಮಾತ್ರೆ ಎಣಿಸುತ್ತಿದ್ದಾರೆ.

ಆಸ್ಪತ್ರೆಯವಳು: ಕಣ್ಣಿನ ವಿಭಾಗ ಹಳೇ ಕಟ್ಟಡಕ್ಕೆ ಹೋಗಿ ಹದಿನಾಲ್ಕು ತಿಂಗಳಾಯ್ತು ಸರ್. ಪತ್ರದಲ್ಲಿ ಬಂದಿತ್ತಲ್ಲ?

ಡಾಕ್ಟರು: ಪತ್ರ... ಹೂಂ. ಪತ್ರ.

ಆ ಪತ್ರ ದೊಡ್ಡಾಸ್ಪತ್ರೆಯಿಂದ ತಿಂಗಳಿಗೊಂದು ಸಲ ಊರಿನ ಅರವತ್ತೆರಡು ಬೀದಿ ಡಾಕ್ಟರುಗಳಿಗೂ ಬರುತ್ತಿತ್ತು. ಯಾವ ವಿಭಾಗ ಎಲ್ಲಿದೆ, ಯಾವ ವಾರ ತೆರೆದಿರುತ್ತದೆ, ಯಾವ ಸಂಶೋಧನೆಗೆ ಎಂಥ ರೋಗಿಗಳು ಬೇಕು, ಎಲ್ಲ ಅದರಲ್ಲಿ. ಹದಿನೆಂಟು ವರ್ಷ ಅದನ್ನು ಬರೆದವನು ಡಾಕ್ಟರ ಸಹಪಾಠಿ. ಕೆಳಗಿನ ಮಹಡಿಯಲ್ಲಿ ಅವನ ಕಿವಿಗೆ ಬಿದ್ದ ಸುದ್ದಿ ಅವನಿಗಿಂತ ಮೊದಲೇ ಮೂರನೇ ಮಹಡಿ ಹತ್ತುತ್ತಿದ್ದುದರಿಂದ ಕಾಲೇಜಿನಲ್ಲೇ 'ಗೆಜೆಟ್' ಎಂದು ಹೆಸರು ಬಿದ್ದಿತ್ತು. ಗೆಜೆಟ್ ತೀರಿಕೊಂಡು ಇಪ್ಪತ್ತಮೂರು ದಿನವಾಗಿತ್ತು. ಯಾರೂ ಕೇಳದಿದ್ದರೂ ಡಾಕ್ಟರು ಎಣಿಸುತ್ತಿದ್ದರು.

ಡಾಕ್ಟರು: ನೋಡಮ್ಮ, ಬರೆದವನೇ ದಿನಾ ಸಂಜೆ ಫೋನ್ ಮಾಡಿ ತಲೆ ತಿನ್ನುವಾಗ ಬರೆದಿದ್ದನ್ನ ಯಾಕೆ ಓದ್ಬೇಕು? ಹಿತ್ತಲಲ್ಲೇ ಬಾವಿ ಇರೋನು ನಲ್ಲಿ ಮುಂದೆ ಕೊಡ ಹಿಡ್ಕೊಂಡು ನಿಲ್ತಾನಾ?

ಕಾಂಪೌಂಡರಮ್ಮ: ಮತ್ತೆ ಕಣ್ಣಿನ ವಿಭಾಗ ಜಾಗ ಬಿಟ್ಟಿದ್ದನ್ನ ಬಾವಿ ಹೇಳ್ಲಿಲ್ವಾ?

ಹೇಳಿರಲಿಲ್ಲ. ಒಂದೂವರೆ ವರ್ಷದ ಹಿಂದೆ ಕಾಯಿಲೆ ಗೊತ್ತಾದ ದಿನವೇ ಗೆಜೆಟ್, 'ಇನ್ಮೇಲೆ ಆಸ್ಪತ್ರೆ ಸುದ್ದಿ ಬೇಡ ಕಣೋ, ಹಗಲೆಲ್ಲ ಅದೇ ಗೋಳು' ಎಂದಿದ್ದ. ಆಮೇಲಿನ ಸಂಜೆಗಳಲ್ಲಿ ಇಸ್ಪೀಟಿನಲ್ಲಿ ಮಾಡಿದ ಮೋಸ, ಹಳೇ ಮೇಷ್ಟ್ರುಗಳ ಬೋಳುತಲೆ, ಯಾರ ಹೊಟ್ಟೆ ದೊಡ್ಡದು, ಇಷ್ಟೇ ಮಾತು. ಅವನು ಬರೆಯುವುದನ್ನು ಬಿಟ್ಟಿದ್ದಾನೆ ಎಂದೇ ಡಾಕ್ಟರು ತಿಳಿದಿದ್ದರು. ಲಕೋಟೆಗಳು ಬರುತ್ತಲೇ ಇದ್ದವು. ಇನ್ಯಾರೋ ಬರೆಯುತ್ತಿರಬೇಕು ಎಂದುಕೊಂಡು ಒಡೆಯಲಿಲ್ಲ.

ಡಾಕ್ಟರು: ಕೊನೇವರೆಗೂ ಅವನೇ ಬರೀತಿದ್ನಾ?

ಆಸ್ಪತ್ರೆಯವಳು: ಮಲಗಿದ್ದಲ್ಲಿಂದ್ಲೇ ಹೇಳ್ತಿದ್ರು, ನಾನು ಬರ್ಕೊಳ್ತಿದ್ದೆ. ನಡುನಡುವೆ ಅವರಿಗೇ ನಗು ಬಂದು ಕೆಮ್ಮು ಹತ್ತೋದು. ನರ್ಸ್ ಬಂದು ನನ್ನನ್ನ ಬೈಯೋರು.

ಡಾಕ್ಟರು: ಆಸ್ಪತ್ರೆ ಪತ್ರದಲ್ಲಿ ನಗೋಕೆ ಏನಿರುತ್ತೆ?

ಹುಡುಗಿ ಕಾಂಪೌಂಡರಮ್ಮನ ಮುಖ ನೋಡಿದಳು. ಕಾಂಪೌಂಡರಮ್ಮ ಮೇಲಿನ ಫ್ಯಾನ್ ನೋಡಿದರು. ಹುಡುಗಿ ಫೈಲಿನಿಂದ ಒಂದು ಹಾಳೆ ತೆಗೆದು ಮೇಜಿನ ಮೇಲಿಟ್ಟಳು.

ಆಸ್ಪತ್ರೆಯವಳು: ಇದಕ್ಕೊಂದು ಸಹಿ ಬೇಕಿತ್ತು ಸರ್. ಪತ್ರ ಉಳಿಯೋದು ನಿಮ್ಮ ಕೈಯಲ್ಲೇ ಇದೆ.

ಡಾಕ್ಟರು: ಗೊತ್ತಾಯ್ತು. ಯಾರೂ ಓದಲ್ಲ, ಅದಕ್ಕೇ ನಿಲ್ಲಿಸ್ತಿದ್ದೀರಿ. ಕೊಡಿ, 'ತಪ್ಪದೆ ಓದುತ್ತೇನೆ' ಅಂತ ಬರೆದು ಸಹಿ ಹಾಕ್ತೀನಿ. ಸತ್ತ ಗೆಳೆಯನಿಗೋಸ್ಕರ ಒಂದು ಸುಳ್ಳು ಹೇಳಿದ್ರೆ ನನ್ನ ಗಂಟೇನು ಹೋಗಲ್ಲ.

ಆಸ್ಪತ್ರೆಯವಳು: ಅಯ್ಯೋ, ಬೇಡಿ ಸರ್! ನೀವು ಓದಿಲ್ಲ ಅನ್ನೋದೇ ನಮ್ಮ ಪುಣ್ಯ!

ಡಾಕ್ಟರು: ಏನು?

ಆಸ್ಪತ್ರೆಯವಳು: ಉಳಿದ ಅರವತ್ತೊಂದು ಡಾಕ್ಟರೂ ಓದ್ತಾರೆ ಸರ್. ಒಂದು ದಿನ ತಡ ಆದ್ರೆ ಫೋನ್ ಮಾಡಿ ಜಗಳ ತೆಗೀತಾರೆ. ನಿಮ್ಮ ಗೆಳೆಯರು ಇರೋವರೆಗೆ ನಡೀತು, ಈಗ ನೀವೊಬ್ರು ಓದಿಬಿಟ್ರೆ ಕೋರ್ಟಿಗೆ ಹೋಗ್ತೀರಿ ಅಂತ ನಮ್ಮ ಸೂಪರಿಂಟೆಂಡೆಂಟರಿಗೆ ನಡುಕ. 'ಆಕ್ಷೇಪಣೆ ಇಲ್ಲ' ಅಂತ ನೀವು ಬರ್ಕೊಟ್ರೆ ಪತ್ರ ಉಂಟು, ಇಲ್ಲಾಂದ್ರೆ ಇವತ್ತಿಗೇ ಬಂದ್.

ಡಾಕ್ಟರು: ಆಕ್ಷೇಪಣೆ ಯಾವುದಕ್ಕೆ?

ಕಾಂಪೌಂಡರಮ್ಮ ಬ್ಯಾಂಡೇಜಿನ ಡ್ರಾಯರ್ ಎಳೆದರು. ಬ್ಯಾಂಡೇಜಿನ ಕೆಳಗೆ ನೀಟಾಗಿ ಜೋಡಿಸಿದ ಪತ್ರಗಳ ಕಟ್ಟು. ಅದರಿಂದ ಒಂದನ್ನು ತೆಗೆದು, ಕನ್ನಡಕ ಮೂಗಿಗೆ ಏರಿಸಿ, ವಾರ್ತೆ ಓದುವವರ ಧ್ವನಿಯಲ್ಲಿ ಶುರು ಮಾಡಿದರು.

ಕಾಂಪೌಂಡರಮ್ಮ: 'ಕಣ್ಣಿನ ವಿಭಾಗ ಹಳೆಯ ಕಟ್ಟಡದ ನೆಲಮಹಡಿಗೆ ಬಂದಿದೆ. ಸೋಮವಾರ ಮತ್ತು ಗುರುವಾರ. ಬೀದಿ ಕೊನೆಯ ನಮ್ಮ ಮಿತ್ರರು ಈ ಪತ್ರ ಓದುವುದಿಲ್ಲವಾದ್ದರಿಂದ ಅವರ ರೋಗಿಗಳು ಎರಡನೇ ಮಹಡಿಗೇ ಹೋದಾರು. ಈಗ ಅಲ್ಲಿರುವ ಹೆರಿಗೆ ವಾರ್ಡಿನ ದಾದಿಯರಲ್ಲಿ ವಿನಂತಿ: ಮೀಸೆ ಇದ್ದವರನ್ನು ದಾಖಲು ಮಾಡಿಕೊಳ್ಳಬೇಡಿ.'

ಡಾಕ್ಟರು: ಇವನ ಮನೆ ಹಾಳಾಗ! ಇದನ್ನ ಅಚ್ಚು ಹಾಕಿದ್ದಾನಾ?

ಕಾಂಪೌಂಡರಮ್ಮ: ತಾಳಿ, ಸಂಶೋಧನೆ ಇನ್ನೂ ಚೆನ್ನಾಗಿದೆ. 'ಮಂಡಿನೋವಿಗೆ ಮಾತ್ರೆ ಮೇಲೋ, ವ್ಯಾಯಾಮ ಮೇಲೋ ಎಂದು ತಿಳಿಯಲು ನಮ್ಮಲ್ಲಿ ಅಧ್ಯಯನ ನಡೆಯುತ್ತಿದೆ. ಐವತ್ತು ದಾಟಿದ ನಲವತ್ತು ಮಂದಿ ಬೇಕು. ಬೀದಿ ಕೊನೆಯ ಮಿತ್ರರು ರೋಗಿಗಳನ್ನು ಕಳಿಸುವ ಬದಲು ತಾವೇ ಬರಬಹುದು. ಪರೀಕ್ಷೆಯಲ್ಲಿ ಪಕ್ಕದವನ ಉತ್ತರ ನೋಡಲು ಬಗ್ಗಿದಾಗಲೇ ಅವರ ಮಂಡಿಗಳು ಕೊಠಡಿಗೆಲ್ಲ ಕೇಳಿಸುವ ಹಾಗೆ ಲಟಕ್ಕೆನ್ನುತ್ತಿದ್ದವು.'

ಡಾಕ್ಟರು: ಪಕ್ಕದವನು ಅವನೇ! ಅವನ ಉತ್ತರ ನೋಡಿ ಬರೆದೇ ನಾನು ಫೇಲಾಗಿದ್ದು!

ಆಸ್ಪತ್ರೆಯವಳು: ನಲವತ್ತು ಜನ ಕೇಳಿದ್ವಿ ಸರ್, ಎಪ್ಪತ್ತು ಜನ ಬಂದ್ರು. ಮೊದಲು ನಾನೇ ನಿಮ್ಮ ಗೆಳೆಯರನ್ನ ಕೇಳಿದ್ದೆ, 'ಯಾಕೆ ಸರ್ ಪಾಪ ಅವರನ್ನ ಹೀಗೆ ಬೈತೀರಿ' ಅಂತ. 'ಬರೀ ಕೊಠಡಿ ನಂಬರ್ ಬರೆದ್ರೆ ಯಾವ ಡಾಕ್ಟರೂ ಓದಲ್ಲ. ಇನ್ನೊಬ್ಬ ಡಾಕ್ಟರನ್ನ ಬೈದಿದ್ರೆ ಮೊದಲಿಂದ ಕೊನೇವರೆಗೂ ಓದ್ತಾರೆ. ಬೈಸ್ಕೊಳ್ಳೋಕೆ ನನ್ನ ಹತ್ರ ಇರೋದು ಅವನೊಬ್ಬನೇ' ಅಂದ್ರು.

ಡಾಕ್ಟರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು, ಸಿಟ್ಟನ್ನು ಹುಡುಕಿ ತಂದುಕೊಂಡು ಕಾಂಪೌಂಡರಮ್ಮನ ಕಡೆ ತಿರುಗಿದರು.

ಡಾಕ್ಟರು: ನೀನು ಎಲ್ಲಾ ಓದ್ತಿದ್ದೆ! ಆ ಮೂರು ಜನರನ್ನ ತಡೆಯೋಕೆ ಏನಾಗಿತ್ತು ಅಕ್ಕ?

ಕಾಂಪೌಂಡರಮ್ಮ: ಹದಿನಾಲ್ಕು ತಿಂಗಳಿಂದ ನಿಮ್ಮ ಚೀಟಿ ಹಿಂದೆ ಸರಿಯಾದ ದಾರಿ ಬರೆದು ಕಳಿಸ್ತಿರೋಳು ನಾನು. ಹತ್ತು ದಿನ ಮಗಳ ಮನೆಗೆ ಹೋಗಿದ್ದೆ ನೋಡಿ, ನೀವು ಗಂಡಸರಿಗೆ ಹೆರಿಗೆ ಮಾಡಿಸೋಕೆ ಹೊರಟ್ರಿ!

ಡಾಕ್ಟರು: ಇದನ್ನ ಇನ್ನೂ ಯಾರ್ಯಾರು ಓದಿದ್ದಾರೆ?

ಕಾಂಪೌಂಡರಮ್ಮ: ಹೊರಗೆ ಬೆಂಚಿನ ಮೇಲೆ ಕೂರೋರೆಲ್ಲ. ನೀವು ಒಬ್ಬೊಬ್ಬರಿಗೆ ಅರ್ಧ ಗಂಟೆ ತಗೊಂಡ್ರೂ ಯಾರೂ ಗಲಾಟೆ ಮಾಡಲ್ಲ, ಯಾಕೆ ಅಂದ್ಕೊಂಡಿದ್ದೀರಿ?

ಹೊರಗಿನ ಬೆಂಚು ಇದ್ದಕ್ಕಿದ್ದ ಹಾಗೆ ಒಟ್ಟಿಗೆ ಕೆಮ್ಮಿತು.

ಡಾಕ್ಟರು: ಸರಿ. ಮುಂದಿನ ತಿಂಗಳದ್ದು ತಯಾರಾಗಿದ್ಯಾ? ಕೊಡಮ್ಮ ಇಲ್ಲಿ.

ಹುಡುಗಿ ಕೊಟ್ಟಳು. 'ಮಧುಮೇಹಿಗಳ ಪಾದ ತಪಾಸಣೆ ಆರಂಭವಾಗಿದೆ. ನೆಲಮಹಡಿ, ಕೊಠಡಿ ಹನ್ನೆರಡು, ಮಂಗಳವಾರ.' ಅಷ್ಟೇ. ಡಾಕ್ಟರು ಹಾಳೆಯನ್ನು ತಿರುಗಿಸಿ ಹಿಂದೆಯೂ ಹುಡುಕಿದರು.

ಡಾಕ್ಟರು: ಇದರಲ್ಲಿ ನಾನೆಲ್ಲಿ?

ಆಸ್ಪತ್ರೆಯವಳು: ತೆಗೆದ್ವಿ ಸರ್. ಇನ್ಮೇಲೆ ನಿಮಗೆ ಏನೂ ಮುಜುಗರ ಆಗಲ್ಲ. ಹಳೇದಕ್ಕೆ ಮಾತ್ರ ಸಹಿ ಹಾಕಿಬಿಡಿ.

ಡಾಕ್ಟರು: ಇದನ್ನ ಯಾರಮ್ಮ ಓದ್ತಾರೆ? ಕಾಲು ಕೊಳೆತು ಕತ್ತರಿಸೋ ಹೊತ್ತಿಗೆ ಅರವತ್ತೆರಡು ಡಾಕ್ಟರೂ 'ನಮಗೆ ಯಾರೂ ಹೇಳ್ಲೇ ಇಲ್ಲ' ಅಂತಾರೆ. ನಾನೇ ಮೊದಲು ಅಂತೀನಿ. ಕೊಡು ಆ ಹಾಳೆ.

ಬರೆಯುವಾಗ ಪೆನ್ನನ್ನು ಎಷ್ಟು ಒತ್ತಿದರೆಂದರೆ ಕೆಳಗಿದ್ದ ಚೀಟಿ ಪುಸ್ತಕದಲ್ಲೂ ಅಚ್ಚು ಮೂಡಿತು. ಹುಡುಗಿ ಹಾಳೆ ತೆಗೆದುಕೊಂಡು ಓದಿದಳು: 'ನನ್ನನ್ನು ಬೈಯುವುದಕ್ಕೆ ಆಕ್ಷೇಪಣೆ ಇಲ್ಲ. ಬೈಯದಿದ್ದರೆ ಇದೆ.'

ಆಸ್ಪತ್ರೆಯವಳು: ಸರ್, ಬೈಯೋಕೆ ನನಗೆ ಬರಲ್ಲ. ನಿಮ್ಮನ್ನ ನೋಡ್ತಿರೋದೇ ಇವತ್ತು.

ಡಾಕ್ಟರು: ಅದು ನಿಜ. ನನ್ನನ್ನ ಅಷ್ಟು ಹಕ್ಕಿನಿಂದ ಬೈಯೋಕೆ ಈ ಊರಲ್ಲಿ ಇನ್ನು ಯಾರಿದ್ದಾರೆ?

ಕಾಂಪೌಂಡರಮ್ಮ: ಯಾಕೆ, ನಾನು ಸತ್ತಿದ್ದೀನಾ? ಬರ್ಕೋ ತಾಯಿ. 'ಸಕ್ಕರೆ ಕಾಯಿಲೆಯವರ ಕಾಲು ನೋಡೋದು ನೆಲಮಹಡಿ, ಕೊಠಡಿ ಹನ್ನೆರಡು, ಮಂಗಳವಾರ. ಗಾಯ ಇರಲಿ ಬಿಡಲಿ, ಪ್ರತಿಯೊಬ್ಬರ ಪಾದವನ್ನೂ ನೋಡಿ ಕಳಿಸಿ. ಬೀದಿ ಕೊನೆಯ ಡಾಕ್ಟರು ಮೂವತ್ತು ವರ್ಷದಲ್ಲಿ ರೋಗಿಗೆ ಚಪ್ಪಲಿ ಬಿಚ್ಚಿ ಅಂದಿದ್ದು ಒಂದೇ ಸಲ. ಅದೂ ನಾನು ಆಗಷ್ಟೇ ನೆಲ ಒರೆಸಿದ್ದೆ ಅಂತ.'

ಹುಡುಗಿ ಬರೆಯುತ್ತಲೇ ಬಾಯಿಗೆ ಸೆರಗು ಒತ್ತಿಕೊಂಡಳು. ಡಾಕ್ಟರ ಮುಖ ಕೆಂಪಾಯಿತು. ಬಾಗಿಲ ಕಡೆ ತಿರುಗಿ ಗಟ್ಟಿಯಾಗಿ ಕೂಗಿದರು.

ಡಾಕ್ಟರು: ಮುಂದಿನವರು ಯಾರ್ರೀ? ಬನ್ನಿ ಒಳಗೆ. ಕೂತ್ಕೊಳ್ಳಿ. ಚಪ್ಪಲಿ ಬಿಚ್ಚಿ!

ರೋಗಿ: ಡಾಕ್ಟ್ರೇ, ನನಗೆ ನೋವಿರೋದು ಕಿವೀಲಿ.